ಗುರುವಾರದ ಪಾಳಿ

‘ಸಿಸ್ಟರ್, ನೀವೂ ಎರಡು ಮಾತ ಹೇಳ್ರಿ,’ ಎಂದು ನಾಗಸೇನ ಮೈಕನ್ನು ಮಹಾಮಾಯಾಳ ಕೈಗೆ ತುರುಕಿದ.

ಹಲಬರ್ಗಾದ ಆ ಅಂಗಳದಲ್ಲಿ ನಾಗಸೇನನ ಅಣ್ಣ ಗೋರಖನಾಥ ಬಿಳಿ ಬಟ್ಟೆ ಹೊದ್ದು ಚಟ್ಟದ ಮೇಲೆ ಮಲಗಿದ್ದ. ತಲೆಯ ಬಳಿ ಮೇಣಬತ್ತಿ ಉರಿಯುತ್ತಿತ್ತು. ಹೆಣ ಎತ್ತುವ ಮೊದಲು ನಾಲ್ಕು ಜನ ಶ್ರದ್ಧಾಂಜಲಿಯ ಮಾತು ಹೇಳುವುದು ಅವರ ಓಣಿಯ ರೂಢಿ. ಮಹಾಮಾಯಾ ಬೀದರಿನ ಒಂದು ಟ್ರಸ್ಟ್ ಆಸ್ಪತ್ರೆಯ ಡಯಾಲಿಸಿಸ್ ನರ್ಸು. ಹಿಂದೆಯೇ ನಿಂತು, ಹೂವಿಟ್ಟು ಹೋದರಾಯಿತು ಅಂದುಕೊಂಡು ಬಂದಿದ್ದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ಅಲ್ಲಿಯವರೆಗೆ ಮಾತಾಡಿದ ಮೂವರೂ ಒಂದನ್ನೇ ಹೇಳಿದ್ದರು. ಗೋರಖನಾಥ ತನ್ನ ಡಯಾಲಿಸಿಸ್ ಪಾಳಿಯನ್ನು ತಾನಾಗಿಯೇ ಆಟೋ ಓಡಿಸುವ ಸೊಹೇಲನಿಗೆ ಬಿಟ್ಟುಕೊಟ್ಟ; ಅಂಥವನು ಹಲಬರ್ಗಾದಲ್ಲಿ ಮತ್ತೊಬ್ಬ ಹುಟ್ಟುವುದಿಲ್ಲ. ಸೊಹೇಲ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಗೋರಖನಾಥನ ಹೆಂಡತಿ ಶಾಲುಬಾಯಿ ಕಣ್ಣೀರಿಲ್ಲದೆ, ಬೇರೆ ಯಾರದೋ ಮಣ್ಣಿಗೆ ಬಂದವಳಂತೆ ಕೂತಿದ್ದಳು.

ನಿಜ ಏನೆಂದು ಮಹಾಮಾಯಾಳಿಗೆ ಗೊತ್ತಿತ್ತು. ಬಾಯಿಬಿಟ್ಟರೆ ಸತ್ತವನ ಹೆಸರು ಹೋಗುತ್ತದೆ. ಮುಚ್ಚಿಟ್ಟರೆ ತಾನು ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ.

*

ಐದು ಯಂತ್ರಗಳಲ್ಲಿ ಎರಡು ಕೆಟ್ಟಾಗ ಆಸ್ಪತ್ರೆಯವರು ರೋಗಿಗಳನ್ನೂ ಮನೆಯವರನ್ನೂ ಕೂಡಿಸಿ ಕೇಳಿದ್ದರು: ಯಾರಿಗೆ ಮೊದಲು? ಡಾಕ್ಟರ್ ಸತೀಶಕುಮಾರ, ‘ಹೆಚ್ಚು ವರ್ಷ ಬದುಕುವವರಿಗೆ,’ ಎಂದ. ಜನ ಗುಜುಗುಜು ಮಾಡಿದರು. ಮೊದಲು ಬಂದವರಿಗೆ ಮೊದಲು ಅನ್ನುವುದು ಅವರ ನ್ಯಾಯ. ಆಗ ಗೋರಖನಾಥನೇ ಎದ್ದ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿ, ಕೂಸು ಎತ್ತಿಕೊಂಡವರಿಗೆ ಸೀಟು ಬಿಡಿಸಿ ಪಳಗಿದ ಗಂಟಲು.

‘ಸಣ್ಣ ಮಕ್ಕಳಿದ್ದೋರಿಗಿ ಮೊದಲ ಕೊಡ್ರಿ. ಮುದುಕರು ಜರಾ ತಡೀಲಿ!’

ಎಲ್ಲರೂ ಚಪ್ಪಾಳೆ ತಟ್ಟಿದರು. ಅರವತ್ತೆಂಟರ ಆಸಾಮಿ ಮುದುಕರ ಲೆಕ್ಕದಲ್ಲಿ ತನ್ನನ್ನು ಹಿಡಿದಿರಲೇ ಇಲ್ಲ.

ಅದೇ ನಿಯಮವಾಯಿತು; ಮುಂದಿನ ವಾರ ಅವನ ಎರಡು ಪಾಳಿಗಳಲ್ಲಿ ಗುರುವಾರದ್ದು ಸಣ್ಣ ಮಕ್ಕಳಿದ್ದ ಸೊಹೇಲನಿಗೆ ಹೋಯಿತು. ಮಹಾಮಾಯಾ ಪಟ್ಟಿ ಓದಿ ಹೇಳಿದರೂ ಗೋರಖನಾಥ ಮಂಚದ ಸರಳು ಹಿಡಿದುಕೊಂಡು ಏಳಲಿಲ್ಲ.

‘ಇದೊಂದು ಸರ್ತಿ ಹಾಕ್ರಿ ಸಿಸ್ಟರ್. ನಿಮ್ಮ ಕಾಲ ಬೀಳ್ತೀನಿ.’

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಎರಡು ತಿಂಗಳಿಗೆ ಅವನು ಹೋದ.

*

‘ಕಾಕಾ ಪಾಳಿ ಬಿಟ್ಟುಕೊಡಲಿಲ್ರಿ,’ ಎಂದಳು ಮಹಾಮಾಯಾ. ‘ನಾವ ಕಸ್ಗೊಂಡೀವಿ. ನಾನೇ ಅವರಿಗಿ ಎಬ್ಬಿಸೀನಿ. ಬದುಕಬೇಕಂತ ಅವರಿಗಿ ಭಾಳ ಆಸಿ ಇತ್ತರಿ.’

ನಾಗಸೇನ ಮೈಕು ಕಸಿದುಕೊಂಡ. ‘ಸತ್ತ ಮನಿಯಾಗ ಇದೇನ ಮಾತರಿ?’

‘ನೀ ಸುಮ್ಮನಿರು ನಾಗಸೇನ,’ ಎಂದಳು ಶಾಲುಬಾಯಿ. ‘ಇವರು ಮನೀಗಿ ಬಂದು ಪಾಳಿ ನಾನೇ ಕೊಟ್ಟೀನಿ ಅಂದ್ರು. ಮುಂಜಾನಿಂದ ನೀವೂ ದೊಡ್ಡ ಮನಷಾ, ದೊಡ್ಡ ಮನಷಾ ಅಂತ ಹಾಡಿದ್ದೇ ಹಾಡಿದ್ದು. ಆ ದೊಡ್ಡ ಮನಷಾಗ ನಾ ಹ್ಯಾಂಗ ಅಳ್ಲಿ? ನಮ್ಮವರು ಸೂಜಿ ಕಂಡ್ರ ಅಂಜತಿದ್ರು...’

ಅಷ್ಟು ಹೇಳಿ ಗಂಡನ ಕಾಲ ಮೇಲೆ ಬಿದ್ದು ಹೋ ಎಂದು ಅತ್ತಳು. ಮಹಾಮಾಯಾಳಿಗೂ ಅಳು ತಡೆಯಲಾಗಲಿಲ್ಲ.

ಚಟ್ಟ ಎತ್ತಿದಾಗ ಸೊಹೇಲ ಮುಂದೆ ಬಂದು ಎಡ ಹೆಗಲು ಕೊಟ್ಟು, ಎಡಗೈಯಿಂದ ಬಿದಿರು ಹಿಡಿದ. ಆ ಕೈಗೆ ನಿನ್ನೆ ಡಯಾಲಿಸಿಸ್ ಮುಗಿದ ಮೇಲೆ ಹಾಕಿದ ಪಟ್ಟಿ ಇನ್ನೂ ಅಂಟಿತ್ತು. ಶಾಲುಬಾಯಿ ಅವನ ಕಡೆ ಓಡಿಬಂದಳು. ಏನಾಗುತ್ತದೋ ಎಂದು ಜನ ಹಿಂದೆ ಸರಿದರು.

‘ಸೂಜಿ ಚುಚ್ಚೋ ಕೈಲಿಂದ ಭಾರ ಎತ್ತಬಾರ್ದು, ತಿಳಿಯಲ್ಲೇನ ನಿನಗ?’ ಎಂದು ಗದರಿ, ಅವನನ್ನು ರಟ್ಟೆ ಹಿಡಿದು ಇನ್ನೊಂದು ಬದಿಗೆ ಕರೆದೊಯ್ದಳು. ಅವನು ಬಲ ಹೆಗಲು ಕೊಡುವವರೆಗೆ ಚಟ್ಟ ಅಲ್ಲೇ ನಿಂತಿತ್ತು.