ಇಪ್ಪತ್ತನಾಲ್ಕು ತಾಸು ಚಹಾ

ತಂಗಿ ಆಮ್ರಪಾಲಿ ಆ ವಾರ ಹನ್ನೊಂದನೇ ಸಲ ಸೀರೆ ಉಟ್ಟು, ಚಹಾದ ತಾಟು ಹಿಡಿದು ಪಡಸಾಲೆಗೆ ಬಂದಳು. ಎದುರಿಗೆ ಕುಳಿತವನು ಟೈರು ಮಾರುವವನು. ಅವನು ಹೆಣ್ಣು ನೋಡಲು ಬಂದವನಲ್ಲ ಎಂದು ನನಗೆ ಗೊತ್ತಿತ್ತು, ತಂಗಿಗೆ ಅನುಮಾನವಿತ್ತು, ಅವ್ವನಿಗೆ ಮಾತ್ರ ಗೊತ್ತಿರಲಿಲ್ಲ.

"ನಿಮ್ಮ ಕಡಿ ಹೊಲಾ ಎಷ್ಟದರಿ?" ಅವ್ವ ಕೇಳಿದಳು.

"ಹೊಲಾ ಇಲ್ಲರಿ. ನಮ್ದು ಟೈರ್ ಲೈನ್."

"ಅದೂ ಛಲೋನೇ. ಮಳಿ ಬರಲಿ ಬಿಡಲಿ, ಗಾಡಿ ಅಂತೂ ಓಡ್ತಾವ."

ಅವನು ಕಪ್ಪು ಕೆಳಗಿಟ್ಟು ಎಷ್ಟಾಯಿತೆಂದು ಕೇಳಿದ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಭಾಳ ಚ್ಯಾಷ್ಟಿ ಮಾಡ್ತೀರಿ ನೀವು."

ನಾನು ಸುಮ್ಮನೆ ಗೋಡೆ ನೋಡುತ್ತಿದ್ದೆ. ತಪ್ಪು ನನ್ನದಾಗಿತ್ತು.

ಬೀದರಿನಲ್ಲಿ ಬಿ.ಎಡ್. ಓದುವಾಗ ಆಮ್ರಪಾಲಿಗೆ ಕಮಲನಗರದ ಸ್ವಪ್ನಿಲನ ಪರಿಚಯವಾಗಿತ್ತು. ಇಬ್ಬರೂ ಮದುವೆಯಾಗಬೇಕೆಂದು ನಿರ್ಧರಿಸಿದ್ದು ನನ್ನೊಬ್ಬನಿಗೇ ಗೊತ್ತು. ನಡುವೆ ಒಬ್ಬರನ್ನು ಇಟ್ಟು, ಸಂಬಂಧ ತಾನಾಗಿಯೇ ಬಂದಂತೆ ಅವರು ವ್ಯವಸ್ಥೆ ಮಾಡಿದ್ದರು. ಆದರೆ ಸ್ವಪ್ನಿಲನ ತಂದೆ ಪಂಢರಿಯವರಿಗೆ ಒಂದು ರೂಢಿ ಇತ್ತು. ಹೆಣ್ಣಿನ ಮನೆಗೆ ಹೇಳದೆ ಹೋಗುವುದು, ತಾನು ಯಾರೆಂದು ತಿಳಿಸದೆ ಕೂರುವುದು, ಅಪರಿಚಿತನಿಗೆ ಆ ಮನೆ ಹೇಗೆ ನಡೆದುಕೊಳ್ಳುತ್ತದೆಂದು ನೋಡುವುದು. ಹೇಳಿ ಹೋದರೆ ಎಲ್ಲರ ಮನೆಯೂ ಚೆಂದ ಕಾಣುತ್ತದೆ ಎನ್ನುವುದು ಅವರ ವಾದ. ಅವರಿಗೆ ಹಿಡಿಸದಿದ್ದರೆ, ಅವರು ಮೊದಲೇ ನೋಡಿಟ್ಟಿದ್ದ ಉದಗೀರಿನ ಹುಡುಗಿ ಖಾಯಂ. ಈ ಸುದ್ದಿ ಅವ್ವನ ಕಿವಿಗೂ ಬಿದ್ದಿತ್ತು. ಹಾಗಾಗಿ ಭಾಲ್ಕಿಯ ನಮ್ಮ ಮನೆಯ ಮುಂದೆ ಯಾವ ಗಾಡಿ ನಿಂತರೂ ಅವಳಿಗೆ ಬೀಗರೇ ಇಳಿದಂತೆ.

ಇಂಥ ಹೊತ್ತಿನಲ್ಲಿ ನಾನು ನನ್ನ ಫೋನಿನಲ್ಲಿ ದೊಡ್ಡ ಕಂಪನಿಗಳ ಸಹವಾಸ ಬಿಟ್ಟೆ.

ನಾನು ಔರಾದದ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಒಂದು ಸಂಜೆ ಬಸ್ಸಿನಲ್ಲಿ ಮರಳುವಾಗ ಫೋನು ತಾನಾಗಿಯೇ ಕೇಳಿತು: ಔರಾದ ಬಸ್ ನಿಲ್ದಾಣ ಹೇಗಿತ್ತು? ಎರಡು ವರ್ಷದಿಂದ ನಾನು ಹೋಗಿ ಬರುತ್ತಿದ್ದೇನೆ. ಹೇಗಿತ್ತು ಎಂದು ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ಕೇಳಿದ್ದು ಕಂಪನಿ. ಕಿಟಕಿಯಾಚೆ ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ನನಗೆ ಯಾಕೋ ಬಹಳ ನಾಚಿಕೆಯಾಯಿತು.

ಆ ವಾರವೇ ಫೋನಿನ ಒಳಗನ್ನೆಲ್ಲ ಅಳಿಸಿ, ಯಾರ ಮಾಲೀಕತ್ವವೂ ಇಲ್ಲದ ಮುಕ್ತ ತಂತ್ರಾಂಶ ಹಾಕಿದೆ. ಹೊಸ ಮೆಸೇಜ್ ಆ್ಯಪಿನಲ್ಲಿ ಜಾಹೀರಾತಿರಲಿಲ್ಲ, ಬೇಹುಗಾರಿಕೆ ಇರಲಿಲ್ಲ, ಮನುಷ್ಯರೂ ಇರಲಿಲ್ಲ. ಆ ಮೌನ ನನಗೆ ಹಿಡಿಸಿತು. ಆಮ್ರಪಾಲಿಯೊಬ್ಬಳು ತನ್ನ ಫೋನನ್ನೂ ಹಾಗೇ ಮಾಡಿಕೊಡು ಎಂದಾಗ ನನಗೆ ಹೆಮ್ಮೆಯಾಯಿತು. ಆಮೇಲೆ ತಿಳಿಯಿತು, ಕಾಕಾ ಮಾಮಾಗಳೆಲ್ಲ ತುಂಬಿದ ವಾಟ್ಸಾಪಿನಲ್ಲಿ ಅವಳು ಎಷ್ಟು ಹೊತ್ತಿನವರೆಗೆ ಎಚ್ಚರವಿದ್ದಳೆಂದು ಎಲ್ಲರಿಗೂ ಕಾಣುತ್ತಿತ್ತು. ಸ್ವಪ್ನಿಲನೊಡನೆ ಮಾತಾಡಲು ಇದಕ್ಕಿಂತ ನಿರ್ಜನ ಜಾಗ ಇರಲಿಲ್ಲ. ಖಾಸಗಿತನದ ಬಗ್ಗೆ ನಾನು ಓದಿದ ಲೇಖನಗಳಲ್ಲಿ ಯಾವುದೂ ಇಷ್ಟು ನೇರವಾಗಿ ವಾದಿಸಿರಲಿಲ್ಲ.

ಕೊನೆಗೆ ನಕ್ಷೆ. ಜನರೇ ಕೂಡಿ ಬರೆಯುವ ನಕ್ಷೆ ಅದು, ಯಾರು ಬೇಕಾದರೂ ಸೇರಿಸಬಹುದು. ಅದರಲ್ಲಿ ನಮ್ಮ ಓಣಿ ಖಾಲಿ ಬಿದ್ದಿತ್ತು. ಬುದ್ಧ ವಿಹಾರ ಗುರುತಿಸಿದೆ, ಸಾಲೆ ಗುರುತಿಸಿದೆ, ಹಿಟ್ಟಿನ ಗಿರಣಿ ಗುರುತಿಸಿದೆ. ನಮ್ಮ ಮನೆಯ ಸರದಿ ಬಂದಾಗ ತಡೆದೆ. ಮನೆ ಎಂದು ಹಾಕಿದರೆ ಬರೀ ಒಂದು ಬೂದು ಚೌಕ ಮೂಡುತ್ತಿತ್ತು. ಈ ಮನೆಯ ಬಗ್ಗೆ ನಿಜವಾಗಿ ಹೇಳಬಹುದಾದದ್ದೇನು ಎಂದು ಬಹಳ ಹೊತ್ತು ಯೋಚಿಸಿದೆ. ಇಲ್ಲಿಂದ ಚಹಾ ಕುಡಿಯದೆ ಎದ್ದು ಹೋದವರನ್ನು ನಾನು ಕಂಡಿಲ್ಲ. ಗುರುತುಗಳ ಪಟ್ಟಿಯಲ್ಲಿ ಚಹಾದಂಗಡಿಗೆಂದು ಕಪ್ಪಿನ ಚಿತ್ರವಿತ್ತು. ಅದನ್ನು ಒತ್ತಿ, ಅವ್ವನ ಹೆಸರು 'ಅನುಸೂಯಾಬಾಯಿ' ಎಂದು ಬರೆದೆ. ತೆರೆದಿರುವ ಸಮಯ ಕೇಳಿತು.

"ಅವ್ವಾ, ಚಹಾ ಮಾಡೋದು ಯಾವಾಗ ಬಂದ್ ಮಾಡ್ತಿ?"

"ಸತ್ತಾಗ," ಎಂದಳು ಅವ್ವ, ತಲೆ ಎತ್ತದೆ.

ಇಪ್ಪತ್ತನಾಲ್ಕು ಗಂಟೆ ಎಂದು ಬರೆದೆ.

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಿಂದ ಮಾಲು ಒಯ್ಯುವ ಡ್ರೈವರುಗಳ ಆ್ಯಪೊಂದು ಇದೇ ನಕ್ಷೆಯನ್ನು ಬಳಸುತ್ತದೆಂದು ನನಗೆ ತಿಳಿದಿರಲಿಲ್ಲ. ಬೀದರಿಗೂ ಉದಗೀರಿಗೂ ನಡುವೆ ಆ ನಕ್ಷೆಯಲ್ಲಿದ್ದ ಕಪ್ಪು ಅದೊಂದೇ. ಮೊದಲು ಲಾರಿಯವರು ಬಂದರು. ಆಮೇಲೆ ಹೈದರಾಬಾದಿನ ಆರು ಮಂದಿ ಸೈಕಲ್ ಸವಾರರು ಬಂದು ಸಾಲಾಗಿ ಕುಳಿತರು. "ಆರೂ ಮಂದಿ ಒಂದೇ ಥರ ಅರಿಬಿ ಹಾಕ್ಯಾರ, ಖಾಸಾ ಅಣ್ಣತಮ್ಮರೇ," ಎಂದು ಅವ್ವ ಒಳಗೆ ಬಂದು ಪಿಸುಗುಟ್ಟಿದಳು. "ಒಬ್ಬಾಂವ ಸಕ್ರಿ ಬ್ಯಾಡ ಅಂದ. ಸಕ್ರಿ ರೋಗ ಅದ ಅವರ ಮನ್ಯಾಗ. ಹುಡುಗ ಯಾವಾಂವ ಕೇಳು."

ನಾನು ಕೇಳಲಿಲ್ಲ. ನಕ್ಷೆಯ ವಿಷಯ ಹೇಳಿಬಿಟ್ಟರೆ ಎಲ್ಲರೂ ಸೇರಿ ನನ್ನ ಫೋನನ್ನು ಮತ್ತೆ ಕಂಪನಿಯ ಕೈಗೆ ಕೊಡಿಸುತ್ತಾರೆಂಬ ಹೆದರಿಕೆ.

ಕೊನೆಗೆ ಬಾಯಿ ಬಿಟ್ಟದ್ದು ಟೈರಿನವನೇ. ರೊಕ್ಕ ತಗೋರಿ ಎಂದು ಅವನು ಪಟ್ಟು ಹಿಡಿದು, ಫೋನು ತೆಗೆದು ಅವ್ವನಿಗೆ ಕಪ್ಪಿನ ಚಿತ್ರ ತೋರಿಸಿದ. ಅದರ ಕೆಳಗೆ ಅವಳದೇ ಹೆಸರು.

ಅವನು ಹೋದ ಮೇಲೆ ಅವ್ವ ನನ್ನ ಕಡೆ ತಿರುಗಿದಳು.

"ನಾಗ್ಯಾ, ನಾ ಹೋಟೆಲ್ ಆದ್ನೇನೋ?"

ಮಾಹಿತಿ ಎಲ್ಲರದೂ ಆಗಬೇಕು, ಯಾವ ಕಂಪನಿಯ ಹಂಗಿನಲ್ಲೂ ಮನುಷ್ಯ ಇರಬಾರದು, ಇದು ಸ್ವಾತಂತ್ರ್ಯದ ಪ್ರಶ್ನೆ ಎಂದು ವಿವರಿಸಿದೆ.

"ನಿನ್ನ ಸ್ವಾತಂತ್ರ್ಯಕ್ಕ ನನ್ನ ಹಾಲು ಯಾಕ?"

"ಹನ್ನೊಂದು ಸಲ ಸೀರಿ ಉಟ್ಟೀನಿ," ಎಂದಳು ಆಮ್ರಪಾಲಿ. "ನೆರಿಗಿ ಹಿಡದು ಹಿಡದು ಬಟ್ಟು ಸವದಾವ. ನಿನಗೊಂದು ಬಾಯಿ ಅದ ಅಲ್ಲ?"

ಗುರುತನ್ನು ಅಂದೇ ಅಳಿಸಿದೆ. ಆದರೆ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡವರಿಗೆ ಕಪ್ಪು ಹಾಗೇ ಉಳಿದಿತ್ತು. ಅವ್ವ ನನ್ನಿಂದ ಒಂದು ರಟ್ಟಿನ ಮೇಲೆ 'ಇಲ್ಲಿ ಚಹಾ ಸಿಗುವುದಿಲ್ಲ' ಎಂದು ಬರೆಸಿ ಬಾಗಿಲಿಗೆ ಕಟ್ಟಿಸಿದಳು. ಅದನ್ನು ಓದಿ ಮೂರು ಮನೆಯವರು, ಯಾರು ತೀರಿಕೊಂಡರೆಂದು ಕೇಳಲು ಬಂದರು.

ರವಿವಾರ ಬೆಳಿಗ್ಗೆ ಬಿಳಿ ಕಾರೊಂದು ನಿಂತಿತು. ಟೊಪ್ಪಿಗೆ ಹಾಕಿದ ಹಿರಿಯರೊಬ್ಬರು ಇಳಿದು ಬಾಗಿಲಿಗೆ ಬಂದರು. ಅವ್ವ ಹೊಸ್ತಿಲಲ್ಲೇ ಅಡ್ಡ ನಿಂತಿದ್ದಳು.

"ಬಾಯಿ, ಒಂದಿಷ್ಟು ನೀರು ಸಿಗ್ತದೇನ್ರಿ?"

"ಮೊದಲ ನೀರು ಅಂತೀರಿ, ಆಮ್ಯಾಲ ಚಹಾ ಅಂತೀರಿ, ಆಮ್ಯಾಲ ಭಜಿ ಅದೇನು ಅಂತೀರಿ. ಎಲ್ಲಾ ನೋಡೀನಿ. ಮುಂದ ಹೋಗ್ರಿ, ಸ್ಟ್ಯಾಂಡಿನ ಬಲ್ಲಿ ಹೋಟೆಲ್ ಅದ."

ಅವರು ರಟ್ಟನ್ನೂ ಅವ್ವನನ್ನೂ ಒಮ್ಮೆ ನೋಡಿ ಕಾರು ಹತ್ತಿದರು.

ಹಿತ್ತಲಲ್ಲಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಆಮ್ರಪಾಲಿ ಆಗ ಫೋನು ತೆರೆದಳು. ನಾನು ಹಾಕಿಕೊಟ್ಟ ಆ್ಯಪಿಗೆ ಒಂದು ಗುಣವಿತ್ತು: ತೆರೆದರೆ ಮಾತ್ರ ಅದು ಮೆಸೇಜು ತೋರಿಸುತ್ತಿತ್ತು, ತಾನಾಗಿ ಸದ್ದು ಮಾಡುತ್ತಿರಲಿಲ್ಲ. ಸ್ವಪ್ನಿಲ ಒಂದು ತಾಸಿನ ಹಿಂದೆಯೇ ಬರೆದಿದ್ದ: ಅಪ್ಪ ಹೊರಟಿದ್ದಾರೆ, ಬಿಳಿ ಕಾರು, ತಲೆಯ ಮೇಲೆ ಟೊಪ್ಪಿಗೆ.

ಅವಳು ಫೋನನ್ನು ನನ್ನ ಮುಖಕ್ಕೆ ಹಿಡಿದಳು. ನಾನು ಓದಿ ಅವ್ವನಿಗೆ ಹೇಳಿದೆ. ಅವ್ವ ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

"ಹಿಂದ ಕೂಡು," ಎಂದು ಆಮ್ರಪಾಲಿ ನನಗೆ ಹೇಳಿ ಸ್ಕೂಟಿ ಚಾಲೂ ಮಾಡಿದಳು.

ರೈಲ್ವೆ ಗೇಟು ಬಿದ್ದಿತ್ತು. ಬಿಳಿ ಕಾರು ಮೂರನೆಯದಾಗಿ ನಿಂತಿತ್ತು. ಹಳೆಯ ನೈಟಿ, ಹಣೆಗೆ ಇಳಿಯುವ ಎಣ್ಣೆ. ಅವಳು ಹೋಗಿ ಕಾರಿನ ಗಾಜು ತಟ್ಟಿದಳು.

"ಕಾಕಾ, ನೀವು ನೋಡ್ಲಾಕ ಬಂದಿದ್ದು ನನಗ. ನೋಡ್ರಿ."

ಪಂಢರಿಯವರು ನೋಡಿದರು.

"ನಿಮ್ಮ ಮನ್ಯಾಗ ಬಂದವರಿಗಿ ನೀರೂ ಕೊಡಲ್ಲೇನವ್ವ?"

"ಒಂದು ವಾರದಾಗ ನಲವತ್ತು ಮಂದಿಗಿ ಚಹಾ ಕೊಟ್ಟೀವ್ರಿ. ಒಬ್ಬರದೂ ಹೆಸರ ಗೊತ್ತಿಲ್ಲ. ನೀವು ನಲವತ್ತೊಂದನೇದವ್ರು, ಹಾಲೂ ಮುಗದದ, ಅವ್ವನ ತಾಕತ್ತೂ ಮುಗದದ. ಮಾಡಿದಾಂವ ಇಂವ." ಅವಳು ನನ್ನ ಕಡೆ ಬೆರಳು ತೋರಿಸಿ, ನಕ್ಷೆಯ ಕತೆಯನ್ನೆಲ್ಲ ಹೇಳಿದಳು.

ಪಂಢರಿಯವರು ನನ್ನತ್ತ ತಿರುಗಿದರು. "ಇಪ್ಪತ್ತನಾಲ್ಕು ತಾಸು ಅಂತ ಬರದಿದ್ದಿ?"

"ಹೌದ್ರಿ."

"ಯಾಕಪಾ?"

"ಖರೇನೇ ಇತ್ತರಿ."

ರೈಲು ಬಂದು ನಮ್ಮ ನಡುವಿನ ಮಾತನ್ನೆಲ್ಲ ಮುಚ್ಚಿತು. ಅಷ್ಟುದ್ದದ ರೈಲನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗೇಟು ಎದ್ದಿತು, ಹಿಂದಿನವರು ಹಾರ್ನ್ ಹೊಡೆದರು. ಪಂಢರಿಯವರು ಡ್ರೈವರಿಗೆ ಕಾರು ತಿರುಗಿಸಲು ಹೇಳಿದರು. ಆಮೇಲೆ ತಂಗಿಗೆ ಮೆಲ್ಲಗೆ, "ನಾ ಯಾರಂತ ಮನ್ಯಾಗ ಹೇಳಬ್ಯಾಡ. ಹೇಳಿದ್ರ ಮಜಾ ಇರಲ್ಲ," ಎಂದರು.

ನಾವು ಬರುವಷ್ಟರಲ್ಲಿ ರಟ್ಟು ಮಾಯವಾಗಿತ್ತು, ಪಕ್ಕದ ಮನೆಯ ಹಾಲು ಒಲೆಯ ಮೇಲಿತ್ತು. ಯಾಕೂಬ ಎಂಬ ಲಾರಿ ಡ್ರೈವರ್ ಆಗಲೇ ಪಡಸಾಲೆಯಲ್ಲಿ ಕುಳಿತಿದ್ದ. ಇವತ್ತು ಯಾರನ್ನೂ ಎಬ್ಬಿಸಿ ಕಳಿಸುವ ಧೈರ್ಯ ಅವ್ವನಿಗಿರಲಿಲ್ಲ.

"ಯಾರ್ರಿ ನೀವು, ಗುರ್ತಾ ಸಿಗಲಿಲ್ಲ, ಬರ್ರಿ ಕೂಡ್ರಿ," ಎಂದು ಅವ್ವ ಪಂಢರಿಯವರ ಮುಖ ನೋಡದೆ ಒಂದೇ ಉಸಿರಿನಲ್ಲಿ ಹೇಳಿದಳು. ಆಮ್ರಪಾಲಿ ಅದೇ ನೈಟಿಯಲ್ಲಿ, ಅದೇ ಎಣ್ಣೆಯಲ್ಲಿ ಚಹಾ ತಂದಳು.

ಪಂಢರಿಯವರು ಒಂದು ಗುಟುಕು ಕುಡಿದು ಪಕ್ಕದವನನ್ನು ಕೇಳಿದರು. "ದಿನಾ ಬರ್ತಿಯೇನೋ?"

"ಮೂರ್ನೇ ಸಲ ಸಾಹೇಬ್. ಕಾಕು ಪೈಸಾ ತಗೋಳಲ್ರಿ. ಒಂದಿನ ರೊಟ್ಟಿ ಭೀ ಕಟ್ಟಿ ಕೊಟ್ಟಾರ."

"ನೀ ಯಾರಂತ ಕೇಳಿದರೇನು?"

"ಹೊಲಾ ಎಷ್ಟದ ಅಂತ ಕೇಳಿದ್ರು. ಇಲ್ಲ ಅಂದ್ನಿ. ಆದ್ರೂ ಕೊಟ್ರು."

ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂದರೂ ಅವ್ವ ಕದಲಲಿಲ್ಲ.

"ನಾ ಕಮಲನಗರದ ಪಂಢರಿ," ಎಂದರು ಅವರು.

"ಹೌದೇನ್ರಿ?" ಎಂದಳು ಅವ್ವ. ಬೆರಗನ್ನು ಎಷ್ಟು ಕೆಟ್ಟದಾಗಿ ನಟಿಸಿದಳೆಂದರೆ ಯಾಕೂಬನೂ ನಕ್ಕ.

"ಬುಧವಾರ ನಿಮ್ಮ ಮಂದಿ ನಮ್ಮ ಮನಿಗಿ ಬರ್ರಿ," ಎಂದು ಹೇಳಿ ಪಂಢರಿಯವರು ಕಪ್ಪು ಖಾಲಿ ಮಾಡಿದರು. ನನ್ನ ಕಡೆ ತಿರುಗಿ, "ನೀ ಮಾತ್ರ ನಮ್ಮ ಮನಿಗಿ ಏನೂ ಗುರ್ತು ಹಾಕಬ್ಯಾಡಪಾ," ಎಂದರು.