ಬಿಟ್ಟರೂ ಬಿಡದ ಸಿಂಹಾಸನ

ಬಾಸ್ಕಿಂಗ್ ರಿಡ್ಜ್‌ನ ಹಳೆಯ ಮನೆಯೊಂದರ ಸಾಮಾನು ಮಾರಾಟದಲ್ಲಿ ಕೌಸಲ್ಯಾ ಆ ಕುರ್ಚಿಯನ್ನು ಕಂಡದ್ದು ೨೦೦೮ರ ಅಕ್ಟೋಬರಿನಲ್ಲಿ. ಕಪ್ಪು ಮೈ, ಬೆನ್ನುಪಟ್ಟಿಯ ಮೇಲೆ ಹೊನ್ನಿನ ದ್ರಾಕ್ಷಿಗೊಂಚಲು. ಸುಮಾರು ನೂರೆಂಬತ್ತು ವರ್ಷಗಳ ಹಿಂದೆ ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾದ ಬಡವರ ಬಂಗಾರವದು. ವಾರ್ನಿಷ್ ಇನ್ನೂ ಅಂಟಂಟಾಗಿರುವಾಗ ಕತ್ತರಿಸಿದ ಕಾಗದದ ಅಚ್ಚಿಟ್ಟು, ಹೊಂಬಣ್ಣದ ಪುಡಿ ಒತ್ತಿ, ದಿನಗಟ್ಟಲೆ ಒಣಗಿಸುತ್ತಿದ್ದರಂತೆ. ಮಾರುತ್ತಿದ್ದ ಅಜ್ಜಿ ಇದನ್ನೆಲ್ಲ ವಿವರಿಸಿದಾಗ ಕೌಸಲ್ಯಾಗೆ ನಗು ಬಂತು. ರಂಗೋಲಿ ಅಚ್ಚಿನ ಕೆಲಸವನ್ನು ತನಗೆ ಯಾರು ಹೇಳಿಕೊಡಬೇಕು!

ಅವಳಿಗೆ ಸಿಂಹಾಸನವೊಂದು ಬೇಕಾಗಿತ್ತು. ಸೆಪ್ಟೆಂಬರಿನಲ್ಲಿ ಬ್ಯಾಂಕಿನ ಕೆಲಸ ಹೋದಂದಿನಿಂದ ಗಂಡ ಅಮರೇಶ್ವರ ನಕ್ಕಿರಲಿಲ್ಲ, ನಾಲ್ಕು ಜನರ ನಡುವೆ ಬಂದಿರಲಿಲ್ಲ. ಅಲ್ಲಿನ ಅನಿವಾಸಿ ಕನ್ನಡಿಗರ ಸಂಘದ ರಾಜ್ಯೋತ್ಸವಕ್ಕೆಂದು ಗೆಳೆಯ ಪಂಚಾಕ್ಷರಿ ಬರೆದ ನಾಟಕದಲ್ಲಿ, ರಾಜ್ಯವನ್ನೇ ತೊರೆಯುವ ಅರಸನ ಪಾತ್ರಕ್ಕೆ ಹೇಗೋ ಒಪ್ಪಿದ್ದ. ಪ್ರಾಯೋಜಕರು ಕೈಯೆತ್ತಿದ್ದರಿಂದ ಬಾಡಿಗೆ ಸಿಂಹಾಸನದ ಮಾತೇ ಇರಲಿಲ್ಲ. ಆ ದಿನ ಗಂಡ ತಲೆಯೆತ್ತಿ ನಿಲ್ಲಬೇಕು. ಅವಳ ಹಂಬಲ ಅಷ್ಟೇ.

ಮಾಸಿದ ದ್ರಾಕ್ಷಿ ಅರಸನಿಗೆ ಸಾಲದೆನಿಸಿ, ನಾಟಕದ ದಿನ ಬೆಳಿಗ್ಗೆ ಕುರ್ಚಿಗೆಲ್ಲ ದಪ್ಪಗೆ ವಾರ್ನಿಷ್ ಬಳಿದು, ತನ್ನ ರಂಗೋಲಿ ಅಚ್ಚಿನಿಂದ ಬೆನ್ನಿಗೆ ಹೊನ್ನಿನ ನವಿಲುಗಳನ್ನು ಮೂಡಿಸಿದಳು. ರಂಗೋಲಿ ಒಣಗಲೆಂದು ಯಾರಾದರೂ ಕಾಯುತ್ತಾರೆಯೆ? ಅವಳೂ ಕಾಯಲಿಲ್ಲ.

ಸಂಜೆ ಬ್ರಿಡ್ಜ್‌ವಾಟರಿನ ಸಭಾಂಗಣದಲ್ಲಿ ನವಿಲುಗಳು ಥಳಥಳಿಸಿದವು. ಮಖಮಲ್ಲಿನ ನಿಲುವಂಗಿ ತೊಟ್ಟು ಅರ್ಧಗಂಟೆ ಒರಗಿ ಕುಳಿತಿದ್ದ ಅರಸ ಕೊನೆಗೆ ಗುಡುಗಿದ: “ಇಗೋ, ಈ ಸಿಂಹಾಸನವನ್ನು ತೊರೆದೆ!”

ಎದ್ದ. ಸಿಂಹಾಸನವೂ ಎದ್ದಿತು.

ಪರದೆಯ ಪಕ್ಕದಲ್ಲಿದ್ದ ಕೌಸಲ್ಯಾಗೆ ಒಣಗದ ವಾರ್ನಿಷ್ ಆಗ ನೆನಪಾಯಿತು. ಅರಸ ಗಾಬರಿಯಿಂದ ತಿರುಗಿದ. ಜೊತೆಗೆ ತಿರುಗಿದ ಕುರ್ಚಿಯ ಕಾಲು ಮಂತ್ರಿಯ ಪೇಟವನ್ನು ಹಾರಿಸಿತು.

“ಯಪ್ಪಾ ದೊರಿ, ತೊರಿಯೋದಾದ್ರ ಪೂರ್ತಿ ತೊರೀರಿ!” ಎಂದು ಮಂತ್ರಿಯಾಗಿದ್ದ ಧಾರವಾಡದ ನಾಗಲಿಂಗಪ್ಪ ಕುರ್ಚಿ ಹಿಡಿದು ಎಳೆದ. “ಎಷ್ಟ್ ಜಗ್ಗಿದ್ರೂ ಬರವಲ್ದು!”

ಸಭೆಯಿಂದ ಹುಡುಗನೊಬ್ಬ ಕೂಗಿದ: “ಅಂಕಲ್, ಅದ್ಯಾವ ಗೋಂದು? ನನ್ನ ಆಫೀಸ್ ಚೇರ್‌ಗೂ ಸ್ವಲ್ಪ ಹಚ್ಚಿ! ಸೋಮವಾರ ಲೇಆಫ್ ಇದೆ!”

ಕೌಸಲ್ಯಾ ಕಣ್ಣು ಮುಚ್ಚಿಕೊಂಡಳು. ಇನ್ನು ಇವರು ಮನೆಯಿಂದ ಹೊರಗೆ ಕಾಲಿಡುವುದಿಲ್ಲ!

ಅರಸ ಕಿರೀಟ ಸರಿಪಡಿಸಿಕೊಂಡ. “ಪ್ರಜೆಗಳೇ, ನಾನು ಬಿಡಲೊಲ್ಲದ ಬ್ಯಾಂಕಿನ ಕುರ್ಚಿ ನನ್ನನ್ನು ಬಿಟ್ಟಿತು. ಬಿಟ್ಟೆನೆಂದರೂ ಇದು ಬಿಡಲೊಲ್ಲದು!” ಎಂದ. ಮರುಕ್ಷಣ ಸಭೆಗಿಂತ ಮೊದಲು ತಾನೇ ನಕ್ಕ. ಕುರ್ಚಿ ಕುಲುಕುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಕೌಸೀ, ಇದೇನೇ ಮಾಡಿಟ್ಟಿದ್ದೀಯ?” ಎಂದು ವೇದಿಕೆಯಿಂದಲೇ ಕೇಳಿದ. ಅವಳಿಗೂ ನಗು ತಡೆಯಲಾಗಲಿಲ್ಲ.

ಆ ರಾತ್ರಿ ಅರಸ ಕುರ್ಚಿಯೊಂದಿಗೇ ಊಟದ ಸಾಲಿನಲ್ಲಿ ನಿಂತನೆಂದು ನಾಟಕ ನೋಡಲು ಬಂದಿದ್ದ ಫ್ಲೋರಲ್ ಪಾರ್ಕಿನ ಕನ್ನಡಿಗರು ಹೇಳುತ್ತಾರೆ. ಬ್ರಿಡ್ಜ್‌ವಾಟರಿನವರು ಇದನ್ನು ಒಪ್ಪುವುದಿಲ್ಲ: ಸಾಲಿನಲ್ಲಿ ಅವನು ನಿಲ್ಲಲೇ ಇಲ್ಲ, ಉಳಿದವರೆಲ್ಲ ನಿಂತಿದ್ದರು, ಅವನೊಬ್ಬ ಕುಳಿತಿದ್ದ. ನಿಲುವಂಗಿಯ ಬೆನ್ನ ಮೇಲೆ ಹೊನ್ನಿನ ನವಿಲುಗಳು ಅಚ್ಚೊತ್ತಿದ್ದವು ಎಂಬುದನ್ನು ಮಾತ್ರ ಎರಡೂ ಕಡೆಯವರು ಒಪ್ಪುತ್ತಾರೆ.