ಲೆಕ್ಕದಿಂದ ತೆಗೆದ ರಕ್ತ

ನರವಿಜ್ಞಾನಿ ಮಯೂರಿ ಪುಣೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯ ಸಂಶೋಧನೆ ಮಾಡುತ್ತಿದ್ದಳು. ಮೆದುಳಿನ ಕೋಶಗಳು ಹೊರಬಿಡುವ ಸೂಕ್ಷ್ಮ ಗುಳ್ಳೆಗಳು ರಕ್ತದಲ್ಲೂ ಸಿಗುತ್ತವೆ. ಅವುಗಳಲ್ಲಿನ ಒಂದು ಪ್ರೋಟೀನಿನಿಂದ ಕಾಯಿಲೆಯನ್ನು ಬೇಗ ಗುರುತಿಸಬಹುದೆಂದು ಅವಳ ಮಾರ್ಗದರ್ಶಕ ಆಪಟೆ ನಂಬಿದ್ದರು. ಉಗಾರ ಖುರ್ದದಲ್ಲಿದ್ದ ಅವಳ ತಾಯಿ ಸುಗಂಧಾಗೆ ಅದೇ ಕಾಯಿಲೆ. ನಡುಗುವ ಕೈ ಚಾಚಿ ರಕ್ತ ಕೊಟ್ಟಿದ್ದಲ್ಲದೆ, ಹತ್ತಿರದ ಕಾಗವಾಡ, ರಾಯಬಾಗದ ರೋಗಿಗಳನ್ನೂ ರಕ್ತ ಕೊಡಲು ಆಕೆಯೇ ಒಪ್ಪಿಸಿದಳು.

2016ರಲ್ಲಿ ಅವರ ಸಂಶೋಧನಾ ಪ್ರಬಂಧ ಅಚ್ಚಾದಾಗ ಮಯೂರಿ ದಂಗಾದಳು. ಆಪಟೆಯವರ ನಂಬಿಕೆಗೆ ಹೊಂದದ ಫಲಿತಾಂಶಗಳನ್ನೆಲ್ಲ ಅವಳಿಗೆ ತಿಳಿಸದೆ ತೆಗೆದುಹಾಕಲಾಗಿತ್ತು. ತಾಯಿಯದೂ ಇರಲಿಲ್ಲ.

"ಆ ರಕ್ತ ಕೆಟ್ಟಿತ್ತು," ಎಂದರು ಆಪಟೆ, ತಲೆ ಎತ್ತದೆ.

ಕೆಟ್ಟಿರಲಿಲ್ಲ. ಅವಳೇ ಮತ್ತೆ ಮತ್ತೆ ಪರೀಕ್ಷಿಸಿದ್ದಳು.

ಊರಿಗೆ ಬಂದವಳನ್ನು ಸುಗಂಧಾ ಕೇಳಿದಳು: "ನನ್ ರಕ್ತ ಉಪಯೋಗಕ್ಕ ಬಂತೇನವಾ?"

ಮಯೂರಿ ನಡೆದದ್ದನ್ನು ಹೇಳಿದಳು.

"ನನ್ ಮಾತ್ ನಂಬಿ ಅಷ್ಟ್ ಮಂದಿ ಕೈ ಚಾಚ್ಯಾರ. ಅವರಿಗೆ ಏನ್ ಹೇಳ್ಲಿ?"

ಮಯೂರಿ ಪ್ರಬಂಧ ಅಚ್ಚುಮಾಡಿದ ವಿಜ್ಞಾನ ಪತ್ರಿಕೆಗೆ ಸತ್ಯ ಬರೆದಳು. ಪ್ರಬಂಧ ರದ್ದಾಯಿತು, ಅವಳ ಕೆಲಸವೂ ಹೋಯಿತು. ಆಪಟೆ ಮಾತ್ರ ಕುರ್ಚಿಯಲ್ಲೇ ಉಳಿದರು.

ತಾಯಿ-ಮಗಳು ರೋಗಿಗಳ ಮನೆಮನೆಗೆ ಹೋಗಿ ವಿಷಯ ತಿಳಿಸಿದರು. ಕಾಗವಾಡದ ಬಾಪುಸಾಹೇಬರು ಎಲ್ಲ ಕೇಳಿ, "ನಿಮ್ಮನ್ನ ನಂಬಿದ್ದೆವ್ರಿ," ಎಂದು ಬಾಗಿಲು ಮುಚ್ಚಿದರು. ಸುಗಂಧಾ ಬಹಳ ಹೊತ್ತು ಅವರ ಕಟ್ಟೆಯ ಮೇಲೇ ಕುಳಿತಿದ್ದಳು.